ಆರ್ಗಾನ್ ಹರಿಸಿದರೂ ಅಮೋನಿಯಾ ಬರ್ತಿದೆಯಾ? ಕೋಣೆ ತಾಪಮಾನದ ಸೆಲ್‌ನಲ್ಲಿ ದೋಷ ಹುಡುಕುವ ಕೈಪಿಡಿ

ಈ ದೋಷ ದೋಷದ ಹಾಗೆ ಕಾಣುವುದೇ ಇಲ್ಲ, ಅದೇ ತೊಂದರೆ. ಕರೆಂಟ್ ಬಳಸಿ ನೈಟ್ರೋಜನ್ ಮತ್ತು ನೀರಿನಿಂದ ಅಮೋನಿಯಾ ಮಾಡುವ ಸೆಲ್ ನಿಮ್ಮದು. ನೈಟ್ರೋಜನ್ ಹರಿಸಿ ಎರಡು ಗಂಟೆ ಅದನ್ನು ಓಡಿಸಿದಿರಿ. ಒಳಗಿನ ದ್ರಾವಣ, ಅಂದರೆ ಎಲೆಕ್ಟ್ರೋಲೈಟ್ ತೆಗೆದು ಅಮೋನಿಯಾ ಇದೆಯಾ ಅಂತ ಬಣ್ಣದ ಪರೀಕ್ಷೆ ಮಾಡಿದಿರಿ. ಕ್ಯುವೆಟ್‌ನಲ್ಲಿ ಹಸಿರು-ನೀಲಿ ಬಂತು, ಖುಷಿಯಾಯಿತು. ಮರುದಿನ ಸುಮ್ನೆ ಒಂದು ಕಂಟ್ರೋಲ್ ಇರಲಿ ಅಂತ ಆರ್ಗಾನ್ ಹರಿಸಿ ಓಡಿಸಿದರೆ ಅದರಲ್ಲೂ ಅದೇ ಬಣ್ಣ, ಸ್ವಲ್ಪ ತೆಳು ಅಷ್ಟೇ. ಆರ್ಗಾನ್‌ನಿಂದ ಅಮೋನಿಯಾ ಆಗೋದಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು?

ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಲ್ಯಾಬ್‌ಗಳಲ್ಲಿ ಕಾಣುವ ಎಚ್ ಆಕಾರದ ಗಾಜಿನ ಸೆಲ್‌ಗೆ ಸಂಬಂಧಿಸಿದ್ದು: ಎರಡು ಕೋಣೆ, ನಡುವೆ ಮೆಂಬ್ರೇನ್ (ಅಯಾನುಗಳು ದಾಟುವ ತೆಳು ಹಾಳೆ), ನೀರಿನ ಎಲೆಕ್ಟ್ರೋಲೈಟ್, ಕಾರ್ಬನ್ ಪೇಪರ್ ಮೇಲೆ ಬಳಿದ ಕ್ಯಾಟಲಿಸ್ಟ್ (ವೇಗವರ್ಧಕ). ಲಿಥಿಯಂ ಬಳಸುವ ಸೆಲ್‌ನ ಕಾಯಿಲೆಗಳೇ ಬೇರೆ, ಅವು ಕೊನೆಯಲ್ಲಿವೆ.

ಮೊದಲು ಮೈಕ್ರೋಗ್ರಾಂ ಲೆಕ್ಕ

ನೈಟ್ರೋಜನ್ ಅಣುವಿನ ಮೂರು ಬಂಧ ಮುರಿಯಲು ಮೋಲ್‌ಗೆ ಸುಮಾರು 945 ಕಿಲೋಜೌಲ್ ಬೇಕು. ಪಣಂಬೂರಿನ ಗೊಬ್ಬರ ಕಾರ್ಖಾನೆಯಂಥ ಕಡೆ ಅಮೋನಿಯಾ ಮಾಡುವ ಹೇಬರ್-ಬಾಷ್ ವಿಧಾನಕ್ಕೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ತಾಪ, ನೂರಕ್ಕಿಂತ ಹೆಚ್ಚು ಬಾರ್ ಒತ್ತಡ ಬೇಕಾಗುವುದು ಇದೇ ಕಾರಣಕ್ಕೆ. ನಮ್ಮ ಸೆಲ್‌ನಲ್ಲಿ ಆ ತಾಪವೂ ಇಲ್ಲ, ಒತ್ತಡವೂ ಇಲ್ಲ. ಮೇಲಾಗಿ 25 ಡಿಗ್ರಿಯಲ್ಲಿ ನೀರಿಗೆ ಕರಗುವ ನೈಟ್ರೋಜನ್ ಲೀಟರ್‌ಗೆ 0.65 ಮಿಲಿಮೋಲ್‌ನಷ್ಟು ಮಾತ್ರ. ಪಕ್ಕದಲ್ಲೇ ನೀರು ಒಡೆದು ಹೈಡ್ರೋಜನ್ ಆಗುವ ಸುಲಭದ ದಾರಿ ತೆರೆದಿರುತ್ತದೆ. ಬಹುಪಾಲು ಎಲೆಕ್ಟ್ರಾನ್‌ಗಳು ಆ ಕಡೆಗೇ ಓಡುತ್ತವೆ. ಹೀಗಾಗಿ ಕೊನೆಗೆ ನಾವು ಹುಡುಕುತ್ತಿರುವುದು ಕೆಲವೇ ಮೈಕ್ರೋಗ್ರಾಂ ಅಮೋನಿಯಾವನ್ನು.

ಒಂದು ಲೆಕ್ಕ ಹಾಕಿ ನೋಡಿ. ಎಲೆಕ್ಟ್ರೋಲೈಟ್ 30 ಮಿಲಿಲೀಟರ್. ಕರೆಂಟ್ 0.1 ಮಿಲಿಆಂಪಿಯರ್. ಎರಡು ಗಂಟೆ ಓಟ. ಕ್ಯಾಟಲಿಸ್ಟ್ 0.1 ಮಿಲಿಗ್ರಾಂ. ಪರೀಕ್ಷೆಯಲ್ಲಿ ಮಿಲಿಲೀಟರ್‌ಗೆ 0.1 ಮೈಕ್ರೋಗ್ರಾಂ ಅಮೋನಿಯಾ ಸಿಕ್ಕಿದೆ. ಅಂದರೆ ಒಟ್ಟು 3 ಮೈಕ್ರೋಗ್ರಾಂ, ಅಂದಾಜು 0.18 ಮೈಕ್ರೋಮೋಲ್. ಒಂದು ಅಮೋನಿಯಾಕ್ಕೆ ಮೂರು ಎಲೆಕ್ಟ್ರಾನ್ ಅಂತ ಹಿಡಿದರೆ 0.051 ಕೂಲಂಬ್. ಹರಿದ ಒಟ್ಟು ಚಾರ್ಜ್ 0.72 ಕೂಲಂಬ್. ಫ್ಯಾರಡೆ ದಕ್ಷತೆ, ಅಂದರೆ ಹರಿದ ಚಾರ್ಜ್‌ನಲ್ಲಿ ಅಮೋನಿಯಾಕ್ಕೆ ಹೋದ ಪಾಲು, ಶೇ. 7. ಇಳುವರಿ ಗಂಟೆಗೆ, ಮಿಲಿಗ್ರಾಂ ಕ್ಯಾಟಲಿಸ್ಟ್‌ಗೆ 15 ಮೈಕ್ರೋಗ್ರಾಂ.

ಪೇಪರ್‌ಗಳಲ್ಲಿ ಕಾಣುವ ಅಂಕಿಗಳ ಹಾಗೇ ಇದೆ, ಅಲ್ವಾ? ಆದರೆ ಇಷ್ಟಕ್ಕೂ ಬೇಕಾಗಿದ್ದು ಎಲ್ಲಿಂದಲೋ ಬಂದು ಬಿದ್ದ 3 ಮೈಕ್ರೋಗ್ರಾಂ. ಕ್ಯಾಟಲಿಸ್ಟ್ ಕಡಿಮೆ ಹಾಕಿದಷ್ಟೂ ಮಿಲಿಗ್ರಾಂ ಲೆಕ್ಕದ ಇಳುವರಿ ಉಬ್ಬುತ್ತದೆ, ಕರೆಂಟ್ ಕಡಿಮೆಯಾದಷ್ಟೂ ದಕ್ಷತೆ ಉಬ್ಬುತ್ತದೆ. ಕೊಳೆ ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ದೋಷ ಹುಡುಕುವಾಗ ಶೇಕಡಾ ಲೆಕ್ಕವನ್ನು ಪಕ್ಕಕ್ಕಿಡಿ. ನೋಟ್‌ಬುಕ್‌ನಲ್ಲಿ ಪ್ರತಿ ಓಟಕ್ಕೂ ಒಟ್ಟು ಮೈಕ್ರೋಗ್ರಾಂ ಬರೆಯಿರಿ. ಪಕ್ಕದಲ್ಲೇ ಬ್ಲ್ಯಾಂಕ್‌ನ, ಅಂದರೆ ಅಮೋನಿಯಾ ಬರಬಾರದ ಹೋಲಿಕೆಯ ಓಟದ, ಮೈಕ್ರೋಗ್ರಾಂ ಬರೆಯಿರಿ. ಅರ್ಧ ದೋಷಗಳು ಆ ಎರಡು ಕಾಲಂಗಳಲ್ಲೇ ಸಿಕ್ಕಿಬೀಳುತ್ತವೆ.

ಅಳತೆಯೇ ಸುಳ್ಳು ಹೇಳುತ್ತಿದೆಯಾ?

ಸೆಲ್ ಬಿಚ್ಚುವ ಮೊದಲು ಬಣ್ಣದ ಪರೀಕ್ಷೆಯನ್ನು ನೋಡಿ. ಬಹಳ ಕಡೆ ಬಳಸುವುದು ಇಂಡೋಫಿನಾಲ್ ವಿಧಾನ. 2 ಮಿಲಿ ಮಾದರಿಗೆ ಸ್ಯಾಲಿಸಿಲಿಕ್ ಆಸಿಡ್ ಮತ್ತು ಸೋಡಿಯಂ ಸಿಟ್ರೇಟ್ ಬೆರೆಸಿದ 2 ಮಿಲಿ ಕಾಸ್ಟಿಕ್ ಸೋಡಾ ದ್ರಾವಣ, 1 ಮಿಲಿ ಹೈಪೋಕ್ಲೋರೈಟ್, 0.2 ಮಿಲಿ ನೈಟ್ರೋಪ್ರಸ್ಸೈಡ್. ಕತ್ತಲಲ್ಲಿ ಎರಡು ಗಂಟೆ ಇಟ್ಟು 655 ನ್ಯಾನೋಮೀಟರ್ ಹತ್ತಿರ ಓದುವುದು. ಅಮೋನಿಯಾ ಇಲ್ಲದಿದ್ದರೆ ಹಳದಿ. ಸ್ವಲ್ಪ ಇದ್ದರೆ ಹಸಿರು. ಜಾಸ್ತಿ ಇದ್ದರೆ ನೀಲಿ.

ಅಮೋನಿಯಾ ಪ್ರಮಾಣ ಗೊತ್ತಿರುವ ದ್ರಾವಣಗಳನ್ನು (ಸ್ಟಾಂಡರ್ಡ್) ಓದಿ ಎಳೆದ ಕ್ಯಾಲಿಬ್ರೇಶನ್ ಗೆರೆಯ ಇಳಿಜಾರು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮೊದಲ ಅನುಮಾನ ಹೈಪೋಕ್ಲೋರೈಟ್ ಮೇಲೆ. ಬಾಟಲಿಯಲ್ಲಿ ಕೂತಲ್ಲೇ ಅದರ ಶಕ್ತಿ ಇಳಿಯುತ್ತದೆ. ನೈಟ್ರೋಪ್ರಸ್ಸೈಡ್ ಬೆಳಕಿಗೆ ಕೆಡುತ್ತದೆ. ಅದನ್ನು ಆಗಾಗ ಹೊಸದಾಗಿ ಕರಗಿಸಿಕೊಳ್ಳಿ. ಆಮ್ಲ ಜಾಸ್ತಿ ಇರುವ ಮಾದರಿ ಕಾಸ್ಟಿಕ್ ಸೋಡಾವನ್ನು ತಿಂದುಹಾಕುತ್ತದೆ, ಬಣ್ಣ ಪೂರ್ತಿ ಏಳುವುದಿಲ್ಲ. ಕ್ಯಾಟಲಿಸ್ಟ್‌ನಿಂದ ಕರಗಿ ಬಂದ ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಇದ್ದರೂ ಓದು ಹೆಚ್ಚುಕಡಿಮೆ ಆಗುತ್ತದೆ. ಶುದ್ಧ ನೀರಿನಲ್ಲಿ ಕ್ಯಾಲಿಬ್ರೇಶನ್ ಮಾಡಿ ಅದನ್ನು ಉಪ್ಪು ತುಂಬಿದ ಎಲೆಕ್ಟ್ರೋಲೈಟ್‌ಗೆ ಹಚ್ಚುವುದು ಸರಿಯಲ್ಲ. ಯಾವ ಎಲೆಕ್ಟ್ರೋಲೈಟೋ ಅದರಲ್ಲೇ ಸ್ಟಾಂಡರ್ಡ್ ತಯಾರಿಸಿ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಒಂದಿದೆ. ಓಟ ಮುಗಿದ ಮಾದರಿಯನ್ನು ಎರಡು ಭಾಗ ಮಾಡಿ. ಒಂದಕ್ಕೆ ಮಿಲಿಲೀಟರ್‌ಗೆ 0.5 ಮೈಕ್ರೋಗ್ರಾಂ ಆಗುವಷ್ಟು ಅಮೋನಿಯಂ ಕ್ಲೋರೈಡ್ ದ್ರಾವಣ ಸೇರಿಸಿ. ಎರಡರ ಓದಿನ ನಡುವೆ ಅಷ್ಟೇ ವ್ಯತ್ಯಾಸ ಬಂದರೆ ಅಳತೆ ಸರಿ ಇದೆ. 0.3 ಮಾತ್ರ ಬಂದರೆ ದ್ರಾವಣದಲ್ಲಿರುವ ಏನೋ ಬಣ್ಣವನ್ನು ನುಂಗುತ್ತಿದೆ.

ಅಯಾನುಗಳನ್ನು ಬೇರೆ ಮಾಡಿ ಅಳೆಯುವ ಅಯಾನ್ ಕ್ರೊಮ್ಯಾಟೋಗ್ರಫಿ ಉಪಕರಣ ಇದ್ದವರಿಗೆ ಒಂದು ಎಚ್ಚರಿಕೆ. ಸೋಡಿಯಂ ಸಲ್ಫೇಟ್‌ನಂಥ ಎಲೆಕ್ಟ್ರೋಲೈಟ್ ಹಾಕಿದರೆ ಸೋಡಿಯಂನ ದೈತ್ಯ ಪೀಕ್ ಪಕ್ಕದ ಅಮೋನಿಯಂನ ಪುಟ್ಟ ಪೀಕ್ ಅನ್ನು ಮುಚ್ಚಿಬಿಡುತ್ತದೆ. ಇನ್ನೊಂದು ಬಣ್ಣದ ಪರೀಕ್ಷೆಯಾದ ನೆಸ್ಲರ್ ವಿಧಾನ? ಪಾದರಸದ ಕಸ ಯಾರು ಹೊರುತ್ತಾರೆ, ಬಿಡಿ.

ನಾಲ್ಕು ಬ್ಲ್ಯಾಂಕ್, ನಾಲ್ಕು ಉತ್ತರ

ಅಳತೆ ಸರಿ ಇದೆ ಅಂತಾದ ಮೇಲೆ ಈ ನಾಲ್ಕನ್ನು ಮಾಡಿ. ಒಂದು, ಬಾಟಲಿಯಿಂದ ನೇರ ತೆಗೆದ ಎಲೆಕ್ಟ್ರೋಲೈಟ್. ಎರಡು, ಸೆಲ್ ಜೋಡಿಸಿ ನೈಟ್ರೋಜನ್ ಹರಿಸಿ, ಕರೆಂಟ್ ಇಲ್ಲದೆ ಅಷ್ಟೇ ಹೊತ್ತು. ಮೂರು, ಆರ್ಗಾನ್ ಹರಿಸಿ ಕರೆಂಟ್ ಜೊತೆ. ನಾಲ್ಕು, ನೈಟ್ರೋಜನ್ ಮತ್ತು ಕರೆಂಟ್ ಎರಡೂ ಇದ್ದು, ಕ್ಯಾಟಲಿಸ್ಟ್ ಬಳಿಯದ ಬರೀ ಕಾರ್ಬನ್ ಪೇಪರ್.

ಮೊದಲನೆಯದರಲ್ಲೇ ಬಣ್ಣ ಬಂದರೆ ನೀರು, ಉಪ್ಪು, ಬಾಟಲಿ ಅಥವಾ ಪರೀಕ್ಷೆಯ ರಾಸಾಯನಿಕ. ಸೆಲ್ ಕಡೆ ನೋಡುವುದೇ ಬೇಡ. ಎರಡನೆಯದರಲ್ಲಿ ಬಂದರೆ ಅಮೋನಿಯಾ ಅಮೋನಿಯಾದ ರೂಪದಲ್ಲೇ ಒಳಗೆ ಬರುತ್ತಿದೆ: ಗ್ಯಾಸ್, ಕೋಣೆಯ ಗಾಳಿ, ಅಥವಾ ಮೆಂಬ್ರೇನ್. ನಾಲ್ಕನೆಯದರಲ್ಲಿ ಬಂದರೆ ನಿಮ್ಮ ಕ್ಯಾಟಲಿಸ್ಟ್‌ಗೆ ಕೀರ್ತಿ ಕೊಡುವ ಹಾಗಿಲ್ಲ.

ಮೂರನೆಯದು ಸ್ವಲ್ಪ ಕುತಂತ್ರಿ. ಎರಡರಲ್ಲಿ ಬಣ್ಣ ಇಲ್ಲ, ಮೂರರಲ್ಲಿ ಇದೆ ಅಂದರೆ ಕರೆಂಟ್ ಹರಿದಾಗ ಮಾತ್ರ ಅಮೋನಿಯಾ ಆಗುವ ಯಾವುದೋ ವಸ್ತು ಒಳಗಿದೆ. ಅದು ಸಾಮಾನ್ಯವಾಗಿ ನೈಟ್ರೇಟ್ ಅಥವಾ ನೈಟ್ರೈಟ್. ಇವು ಇಂಡೋಫಿನಾಲ್‌ಗೆ ಬಣ್ಣ ಕೊಡುವುದಿಲ್ಲ. ಕ್ಯಾಥೋಡ್ ಮೇಲೆ ಮಾತ್ರ ಸಲೀಸಾಗಿ ಅಮೋನಿಯಾ ಆಗುತ್ತವೆ, ನೈಟ್ರೋಜನ್ ಅಣುವಿಗಿಂತ ಎಷ್ಟೋ ಸುಲಭವಾಗಿ. ಕರೆಂಟ್ ಇಲ್ಲದ ಬ್ಲ್ಯಾಂಕ್ ಒಂದನ್ನೇ ನಂಬಿ ಕೂತವರು ಇದನ್ನು ಹಿಡಿಯಲಾರರು.

ನಾಲ್ಕೂ ಶುದ್ಧವಾಗಿದ್ದು ಪೂರ್ತಿ ಓಟದಲ್ಲಿ ಮಾತ್ರ ಬಣ್ಣ ಬಂದರೂ ಕೆಲಸ ಮುಗಿಯಲಿಲ್ಲ. ನೈಟ್ರೋಜನ್ ಸಿಲಿಂಡರ್‌ನಲ್ಲಿರುವ ನೈಟ್ರಿಕ್ ಆಕ್ಸೈಡ್ ಆರ್ಗಾನ್ ಸಿಲಿಂಡರ್‌ನಲ್ಲಿ ಇರಬೇಕೆಂದೇನೂ ಇಲ್ಲ. ಅದನ್ನು ಅಮೋನಿಯಾ ಮಾಡುವ ಶಕ್ತಿ ಬರೀ ಕಾರ್ಬನ್ ಪೇಪರ್‌ಗೆ ಇಲ್ಲದೆ ಹೋಗಬಹುದು, ನಿಮ್ಮ ಕ್ಯಾಟಲಿಸ್ಟ್‌ಗೆ ಚೆನ್ನಾಗಿಯೇ ಇರಬಹುದು.

ಸಿಲಿಂಡರ್

ಗ್ಯಾಸ್‌ನಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ನೈಟ್ರಿಕ್ ಆಕ್ಸೈಡ್ ಇದೆ ಅಂದುಕೊಳ್ಳಿ. ನಿಮಿಷಕ್ಕೆ 20 ಮಿಲಿಲೀಟರ್‌ನಂತೆ ಎರಡು ಗಂಟೆಯಲ್ಲಿ 2.4 ಲೀಟರ್ ಗ್ಯಾಸ್ ಹೋಗುತ್ತದೆ. ಅದರಲ್ಲಿ 2.4 ಮೈಕ್ರೋಲೀಟರ್ ನೈಟ್ರಿಕ್ ಆಕ್ಸೈಡ್. ಅಷ್ಟೂ ಅಮೋನಿಯಾ ಆದರೆ ಸುಮಾರು 1.7 ಮೈಕ್ರೋಗ್ರಾಂ. ಮೇಲಿನ ಲೆಕ್ಕದ 3 ಮೈಕ್ರೋಗ್ರಾಂನಲ್ಲಿ ಅರ್ಧಕ್ಕಿಂತ ಜಾಸ್ತಿ! ಎಲ್ಲವೂ ನೀರಿಗೆ ಇಳಿಯುವುದಿಲ್ಲ ನಿಜ. ಆದರೆ ಎಂಟು ಗಂಟೆ ಓಡಿಸುವವರೂ ಇದ್ದಾರಲ್ಲ.

ಪತ್ತೆ ಮಾಡಲು ಹರಿವನ್ನು ಬದಲಿಸಿ. ಎಲೆಕ್ಟ್ರೋಲೈಟ್ ಆಗಲೇ ನೈಟ್ರೋಜನ್‌ನಿಂದ ತುಂಬಿದ್ದು, ಚೆನ್ನಾಗಿ ಕಲಕುತ್ತಿದ್ದರೆ, ಹರಿವು ಎರಡು ಪಟ್ಟು ಮಾಡಿದ ಮಾತ್ರಕ್ಕೆ ನಿಜವಾದ ಅಮೋನಿಯಾ ಎರಡು ಪಟ್ಟು ಆಗುವ ಕಾರಣ ಇಲ್ಲ. ಆದರೆ ಗ್ಯಾಸ್‌ನ ಕೊಳೆ ಎರಡು ಪಟ್ಟು ಒಳಗೆ ಬರುತ್ತದೆ. ಹರಿವಿನ ಜೊತೆ ಮೈಕ್ರೋಗ್ರಾಂ ಏರಿದರೆ ಸಿಲಿಂಡರ್ ಕಡೆಗೇ ಬೆರಳು ತೋರಿಸಿ.

ಪರಿಹಾರಕ್ಕೆ ಸೆಲ್‌ಗಿಂತ ಮೊದಲು ಸಾಲಾಗಿ ಬಾಟಲಿಗಳು: ಕ್ಷಾರದಲ್ಲಿ ಕರಗಿಸಿದ ಪೊಟ್ಯಾಸಿಯಂ ಪರ್ಮಾಂಗನೇಟ್, ಆಮೇಲೆ ತೆಳು ಗಂಧಕಾಮ್ಲ, ಕೊನೆಗೆ ಶುದ್ಧ ನೀರು. ಪರ್ಮಾಂಗನೇಟ್ ನೈಟ್ರಿಕ್ ಆಕ್ಸೈಡನ್ನು ಉತ್ಕರ್ಷಿಸಿ ಹಿಡಿದಿಡುತ್ತದೆ, ಆಮ್ಲ ಅಮೋನಿಯಾವನ್ನು. ಪರ್ಮಾಂಗನೇಟ್‌ನ ನೇರಳೆ ಬಣ್ಣ ಹಸಿರಿಗೆ ತಿರುಗಿ, ತಳದಲ್ಲಿ ಕಂದು ಗಸಿ ಕೂರಲು ಶುರುವಾದರೆ ಬಾಟಲಿ ಬದಲಿಸುವ ಹೊತ್ತಾಯಿತು. ರಬ್ಬರ್ ಪೈಪ್ ತೆಗೆದು ಸ್ಟೀಲ್ ಅಥವಾ ಟೆಫ್ಲಾನ್ ಹಾಕಿ.

ಮಾಮೂಲಿ ನೈಟ್ರೋಜನ್ ಬದಲು ಅದರ ಸ್ವಲ್ಪ ಭಾರದ ರೂಪವಾದ ನೈಟ್ರೋಜನ್-15 ಐಸೋಟೋಪ್ ಹರಿಸಿ ಓಟ ಮಾಡಿದರೆ ಎಲ್ಲ ಅನುಮಾನ ಮುಗಿಯುತ್ತದೆ ಅಂತ ಒಂದು ನಂಬಿಕೆ ಇದೆ. ಅಣುಗಳನ್ನು ಕಾಂತಕ್ಷೇತ್ರದಲ್ಲಿಟ್ಟು ಗುರುತಿಸುವ ಎನ್‌ಎಂಆರ್ ಉಪಕರಣದಲ್ಲಿ ಮಾಮೂಲಿ ಅಮೋನಿಯಂ 52 ಹರ್ಟ್ಸ್ ಅಂತರದ ಮೂರು ಗೆರೆ ಕೊಡುತ್ತದೆ, ನೈಟ್ರೋಜನ್-15 ಅಮೋನಿಯಂ 73 ಹರ್ಟ್ಸ್ ಅಂತರದ ಎರಡು ಗೆರೆ. ಎರಡು ಗೆರೆ ಕಂಡರೆ ಗೆದ್ದ ಹಾಗೆ ಅನ್ನಿಸುವುದು ಸಹಜ. ಆದರೆ ಮಾರಾಟದ ನೈಟ್ರೋಜನ್-15 ಬಾಟಲಿಗಳಲ್ಲೇ ನೈಟ್ರೋಜನ್-15 ಅಮೋನಿಯಾ, ನೈಟ್ರೇಟ್, ನೈಟ್ರೈಟ್ ಬೆರೆತಿರುವುದನ್ನು 2014ರಲ್ಲೇ ಸಾಗರ ವಿಜ್ಞಾನದ ಕಡೆಯವರು ತೋರಿಸಿದ್ದರು. ಅದನ್ನೂ ತೊಳೆದೇ ಒಳಗೆ ಬಿಡಬೇಕು. ಎರಡು ಗೆರೆ ಕಂಡರಷ್ಟೇ ಸಾಲದು. ನೈಟ್ರೋಜನ್-15ರಿಂದ ಬಂದ ಮೈಕ್ರೋಮೋಲ್‌ಗೂ ಮಾಮೂಲಿ ನೈಟ್ರೋಜನ್‌ನಿಂದ ಬಂದ ಮೈಕ್ರೋಮೋಲ್‌ಗೂ ತಾಳೆ ಆಗಬೇಕು. 2019ರಲ್ಲಿ ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಇಬ್ ಚೋರ್ಕೆಂಡಾರ್ಫ್ ಮತ್ತು ಜೊತೆಗಾರರು ನೇಚರ್ ಪತ್ರಿಕೆಯಲ್ಲಿ ಇದೇ ಶಿಸ್ತಿನ ಕ್ರಮ ಕೊಟ್ಟರು. ಹೆಸರು ಮಾಡಿದ್ದ ಹಲವು ಕ್ಯಾಟಲಿಸ್ಟ್‌ಗಳನ್ನು ಅವರು ಆ ಕ್ರಮಕ್ಕೆ ಹಚ್ಚಿ ನೋಡಿದಾಗ ಕೊನೆಗೆ ನಿಂತದ್ದು ಲಿಥಿಯಂ ದಾರಿ ಒಂದೇ. ಮರುವರ್ಷ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರೂ ಸುಳ್ಳು ಫಲಿತಾಂಶಗಳನ್ನು ಗುರುತಿಸುವ ಬಗ್ಗೆ ಬರೆದರು. ನನ್ನ ಮಟ್ಟಿಗೆ, ನೀರಿನ ಸೆಲ್‌ನಲ್ಲಿ ಗಂಟೆಗೆ ಕೆಲವು ಮೈಕ್ರೋಗ್ರಾಂ ಬಂತು ಅನ್ನುವ ಯಾವ ಮಾತನ್ನೂ ಈ ತಾಳೆ ನೋಡದೆ ಒಪ್ಪುವುದಿಲ್ಲ, ಅದು ನಮ್ಮದೇ ಲ್ಯಾಬಿನದಾದರೂ.

ಉಪ್ಪು ಮತ್ತು ಕ್ಯಾಟಲಿಸ್ಟ್

ಗ್ಯಾಸ್ ಶುದ್ಧವಾದ ಮೇಲೂ ಆರ್ಗಾನ್‌ನಲ್ಲಿ ಅಮೋನಿಯಾ ಬರುತ್ತಿದ್ದರೆ ಉಳಿದದ್ದು ದ್ರಾವಣ ಮತ್ತು ಎಲೆಕ್ಟ್ರೋಡ್. ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ.

ಅರ್ಧ ಗಂಟೆ, ಒಂದು ಗಂಟೆ, ಎರಡು, ನಾಲ್ಕು ಗಂಟೆಗೆ ಮಾದರಿ ತೆಗೆದು ಗ್ರಾಫ್ ಹಾಕಿ. ದ್ರಾವಣದಲ್ಲೋ ಎಲೆಕ್ಟ್ರೋಡ್‌ನಲ್ಲೋ ಮೊದಲೇ ಇದ್ದ ನೈಟ್ರೇಟ್ ಆದರೆ ಗೆರೆ ಆರಂಭದಲ್ಲಿ ಚಕ್ಕನೆ ಏರಿ ಆಮೇಲೆ ಮಲಗುತ್ತದೆ, ಇದ್ದದ್ದು ಖಾಲಿಯಾಯಿತಲ್ಲ. ಗ್ಯಾಸ್‌ನ ಕೊಳೆ ಮಾತ್ರ ನಿಜವಾದ ಅಮೋನಿಯಾದ ಹಾಗೇ ನೇರ ಏರುತ್ತಾ ಹೋಗುತ್ತದೆ. ಹಾಗಾಗಿ ನೇರ ಗೆರೆ ಬಂತು ಅಂತ ಬೀಗಬೇಡಿ. ಮಲಗಿದ ಗೆರೆ ಬಂದರೆ ಮುಂದಿನ ಹೆಜ್ಜೆ: ಅದೇ ಎಲೆಕ್ಟ್ರೋಡ್ ಇಟ್ಟು ಹೊಸ ಎಲೆಕ್ಟ್ರೋಲೈಟ್ ಹಾಕಿ. ಪ್ರತಿ ಸಲವೂ ಅಮೋನಿಯಾ ಇಳಿಯುತ್ತಾ ಬಂದರೆ ಮೂಲ ಎಲೆಕ್ಟ್ರೋಡ್. ಪ್ರತಿ ಸಲವೂ ಅಷ್ಟೇ ಬಂದರೆ ಮೂಲ ದ್ರಾವಣ.

ದ್ರಾವಣದಲ್ಲಿ ಮೊದಲ ಅನುಮಾನ ಲಿಥಿಯಂ ಸಲ್ಫೇಟ್‌ನಂಥ ಲಿಥಿಯಂ ಉಪ್ಪುಗಳ ಮೇಲೆ. ಅವುಗಳಲ್ಲಿ ನೈಟ್ರೇಟ್ ಇರುವುದು ವರದಿಯಾಗಿದೆ. ಲೇಬಲ್ ಮೇಲಿನ ಶುದ್ಧತೆಯ ಶೇಕಡಾ ನೋಡಿ ಸಮಾಧಾನ ಪಡಬೇಡಿ, ನಮಗೆ ತೊಂದರೆ ಕೊಡುವ ಪ್ರಮಾಣ ಅದಕ್ಕೆ ಕಾಣುವುದೇ ಇಲ್ಲ. ಬೇರೆ ಎಲೆಕ್ಟ್ರೋಡ್ ಇಟ್ಟು, ಆರ್ಗಾನ್ ಕೆಳಗೆ ಗಂಟೆಗಟ್ಟಲೆ ಕರೆಂಟ್ ಹರಿಸಿ ನೈಟ್ರೇಟ್ ಮುಗಿಸಿಕೊಂಡು, ಆಗ ಬಂದ ಅಮೋನಿಯಾ ಎಷ್ಟೆಂದು ಅಳೆದು, ಆಮೇಲೆ ಬಳಸುವುದು ಒಂದು ದಾರಿ. ಬೇರೆ ಉಪ್ಪಿಗೆ ಹೋಗುವುದು ಅದಕ್ಕಿಂತ ಸುಲಭ.

ಕ್ಯಾಟಲಿಸ್ಟ್ ವಿಷಯದಲ್ಲಿ ಅದು ಹುಟ್ಟಿದ ರೀತಿ ಕೇಳಿ. ಲೋಹದ ನೈಟ್ರೇಟ್‌ನಿಂದ ಮಾಡಿದ್ದಾ? ಯೂರಿಯಾ ಹಾಕಿ ಕುದಿಸಿದ್ದಾ? ಅಮೋನಿಯಾ ಗ್ಯಾಸ್‌ನಲ್ಲಿ ಸುಟ್ಟದ್ದಾ? ನೈಟ್ರೋಜನ್ ಸೇರಿಸಿದ ಕಾರ್ಬನ್ನಾ? ಹಾಗಿದ್ದರೆ ನೈಟ್ರೋಜನ್ ಅದರ ಹೊಟ್ಟೆಯಲ್ಲೇ ಇದೆ. ಲೋಹದ ನೈಟ್ರೈಡ್‌ಗಳಂತೂ ಕರಗುತ್ತಾ ತಮ್ಮದೇ ನೈಟ್ರೋಜನ್ನನ್ನು ಅಮೋನಿಯಾ ಮಾಡಿ ಬಿಡುತ್ತವೆ. ಅಂಗಡಿಯಿಂದ ತಂದ ಲೋಹದ ಪುಡಿ, ಆಕ್ಸೈಡ್‌ಗಳಲ್ಲೂ ನೈಟ್ರೇಟ್ ಸಿಕ್ಕಿರುವುದುಂಟು.

ಮೆಂಬ್ರೇನ್

ಮೆಂಬ್ರೇನ್ ಆಗಿ ಬಳಸುವ ನಾಫಿಯಾನ್ ಹಾಳೆಯ ಕಥೆ ಬೇರೆ. ಅದರಲ್ಲಿರುವ ಸಲ್ಫೋನಿಕ್ ಗುಂಪುಗಳು ಅಮೋನಿಯಂ ಅಯಾನನ್ನು ಹಿಡಿದಿಟ್ಟುಕೊಳ್ಳುತ್ತವೆ, ಆಮೇಲೆ ನಿಧಾನಕ್ಕೆ ಬಿಡುತ್ತವೆ. ನಿನ್ನೆ ಜಾಸ್ತಿ ಅಮೋನಿಯಾ ಇದ್ದ ಓಟ ಮಾಡಿದ್ದರೆ ಇವತ್ತಿನ ಬ್ಲ್ಯಾಂಕ್‌ಗೆ ಅದು ಸಾಲ ತೀರಿಸುತ್ತದೆ. ಸೋಮವಾರ ಒಳ್ಳೆ ಇಳುವರಿ, ಗುರುವಾರ ಏನೂ ಇಲ್ಲ ಅನ್ನುವ ಏರಿಳಿತಕ್ಕೆ ಎಷ್ಟೋ ಸಲ ಇದೇ ಕಾರಣ. ಮೆಂಬ್ರೇನ್ ತುಂಡನ್ನು ಹೊಸ ಎಲೆಕ್ಟ್ರೋಲೈಟ್‌ನಲ್ಲಿ ರಾತ್ರಿಯಿಡೀ ನೆನೆಸಿ, ಆ ಎಲೆಕ್ಟ್ರೋಲೈಟನ್ನು ಪರೀಕ್ಷಿಸಿ. ಬಣ್ಣ ಬಂದರೆ ತೆಳು ಗಂಧಕಾಮ್ಲದಲ್ಲಿ ಬಿಸಿ ಮಾಡಿ, ಶುದ್ಧ ನೀರಲ್ಲಿ ತೊಳೆದು ಮತ್ತೆ ನೆನೆಸಿ ನೋಡಿ. ಸೆಲ್ಗಾರ್ಡ್‌ನಂಥ ರಂಧ್ರದ ಹಾಳೆಗೆ ಈ ರೋಗ ಇಲ್ಲ, ಆದರೆ ಅದರ ಮೂಲಕ ಅಮೋನಿಯಾ ಆಚೆ ದಾಟುತ್ತದೆ. ಯಾವ ಹಾಳೆಯಾದರೂ ಎರಡೂ ಕೋಣೆಗಳ ದ್ರಾವಣ ಅಳೆಯಿರಿ.

ಕೋಣೆ ಮತ್ತು ನಾವು

ಮನುಷ್ಯರ ಉಸಿರಲ್ಲೂ ಅಮೋನಿಯಾ ಇದೆ. ನೆಲ ಒರೆಸುವ ದ್ರಾವಣ, ನೈಟ್ರೈಲ್ ಕೈಗವಸು, ಪಕ್ಕದ ಫ್ಯೂಮ್ ಹುಡ್‌ನಲ್ಲಿ ಯಾರೋ ತೆರೆದ ಅಮೋನಿಯಾ ಬಾಟಲಿ, ಕಾರಿಡಾರ್ ಕೊನೆಯ ಶೌಚಾಲಯ, ಎಲ್ಲವೂ ಅನುಮಾನದ ಪಟ್ಟಿಯಲ್ಲಿವೆ. ತೆಳು ಆಮ್ಲ ಹಾಕಿದ ತೆರೆದ ಬೀಕರ್ ಒಂದನ್ನು ಸೆಲ್ ಪಕ್ಕ ರಾತ್ರಿ ಇಟ್ಟು, ಬೆಳಿಗ್ಗೆ ಪರೀಕ್ಷಿಸಿ. ಮುಚ್ಚಳ ಬಿಗಿದ ಇನ್ನೊಂದನ್ನು ಹೋಲಿಕೆಗೆ ಇಡಿ. ವ್ಯತ್ಯಾಸ ಕಂಡರೆ ಕೋಣೆಯೇ ತಪ್ಪಿತಸ್ಥ. ನಿನ್ನೆ ತೊಳೆದಿಟ್ಟ ಗಾಜನ್ನೂ ಬಳಸುವ ಮುಂಚೆ ಇನ್ನೊಮ್ಮೆ ತೊಳೆಯಿರಿ.

ಉಲ್ಟಾ ದೋಷ: ಬಂದ ಅಮೋನಿಯಾ ಮಾಯ

ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಓಡಿಸುವವರಿಗೆ ಇದು ಮಾಮೂಲಿ. ಪಿಎಚ್ 9.25 ದಾಟಿದ ಮೇಲೆ ದ್ರಾವಣದಲ್ಲಿ ಅಮೋನಿಯಂಗಿಂತ ಅಮೋನಿಯಾವೇ ಜಾಸ್ತಿ, ಹರಿಯುವ ಗ್ಯಾಸ್ ಅದನ್ನು ಹೊತ್ತುಕೊಂಡು ಹೋಗುತ್ತದೆ. ಸೆಲ್ ಆದಮೇಲೆ ತೆಳು ಆಮ್ಲದ ಬಾಟಲಿ ಇಟ್ಟು ಅದನ್ನೂ ಅಳೆಯಿರಿ. ನಡುವೆ ಮೆಂಬ್ರೇನ್ ಇಲ್ಲದ ಸೆಲ್ ಆದರೆ ಆನೋಡ್ ಅದನ್ನು ಮತ್ತೆ ಉತ್ಕರ್ಷಿಸಿಬಿಡಬಹುದು. ಗೊತ್ತಿರುವಷ್ಟು ಅಮೋನಿಯಂ ಸೆಲ್‌ಗೆ ಹಾಕಿ, ಕರೆಂಟ್ ಇಲ್ಲದೆ ಎರಡು ಗಂಟೆ ಆರ್ಗಾನ್ ಹರಿಸಿದರೆ ಎಷ್ಟು ಉಳಿಯುತ್ತದೆ ಅನ್ನುವುದೇ ನಿಮ್ಮ ಸೋರಿಕೆಯ ಲೆಕ್ಕ.

ಲಿಥಿಯಂ ಸೆಲ್

1930ರಲ್ಲಿ ಫಿಕ್ಟರ್ ಮತ್ತು ಜೊತೆಗಾರರು ತೋರಿಸಿದ ದಾರಿ ಇದು. ಜಪಾನ್‌ನ ತ್ಸುನೆಟೊ ತಂಡ 1990ರ ದಶಕದಲ್ಲಿ ಮತ್ತೆ ಎತ್ತಿಕೊಂಡಿತು. ನೀರಿನ ಬದಲು ಟೆಟ್ರಾಹೈಡ್ರೋಫ್ಯೂರಾನ್ ಎಂಬ ದ್ರಾವಕದಲ್ಲಿ ಲಿಥಿಯಂ ಉಪ್ಪು, ಸ್ವಲ್ಪ ಎಥೆನಾಲ್. ಕ್ಯಾಥೋಡ್ ಮೇಲೆ ಲಿಥಿಯಂ ಲೋಹ ಕೂರುತ್ತದೆ, ಅದು ನೈಟ್ರೋಜನ್ ಜೊತೆ ಸೇರುತ್ತದೆ, ಎಥೆನಾಲ್‌ನ ಪ್ರೋಟಾನ್ ಸಿಕ್ಕಿ ಅಮೋನಿಯಾ ಆಗುತ್ತದೆ. ಇಲ್ಲಿ ಅಮೋನಿಯಾ ಅನುಮಾನ ಪಡುವಷ್ಟು ಕಡಿಮೆ ಇರುವುದಿಲ್ಲ. ದೋಷಗಳು ಸೆಲ್‌ನ ಆರೋಗ್ಯದ್ದು.

ವೋಲ್ಟೇಜ್ ಏರುತ್ತಾ ಹೋಗಿ ಸೆಲ್‌ಗೆ ಕರೆಂಟ್ ಕೊಡುವ ಪೊಟೆನ್ಶಿಯೊಸ್ಟಾಟ್ ಓವರ್‌ಲೋಡ್ ಅಂತ ನಿಲ್ಲುತ್ತಿದ್ದರೆ ಕ್ಯಾಥೋಡ್ ಮೇಲೆ ಲಿಥಿಯಂ ಮತ್ತು ಅದರ ಪದರ ದಪ್ಪ ಆಗುತ್ತಿದೆ. ಲಿಥಿಯಂ ಕೂರುವ ವೇಗಕ್ಕೆ ನೈಟ್ರೋಜನ್ ಮತ್ತು ಪ್ರೋಟಾನ್ ಪೂರೈಕೆ ಸಾಲುತ್ತಿಲ್ಲ. ಕರೆಂಟನ್ನು ಹರಿಸಿ-ನಿಲ್ಲಿಸಿ ಮಾಡುವುದು ಡೆನ್ಮಾರ್ಕ್ ತಂಡ ತೋರಿಸಿದ ಉಪಾಯ. ನೈಟ್ರೋಜನ್ ಒತ್ತಡ ಏರಿಸಿದರೂ ಸುಧಾರಿಸುತ್ತದೆ. ಅಮೋನಿಯಾ ಇಳಿದು ಹೈಡ್ರೋಜನ್ ಜಾಸ್ತಿ ಆಗಿದ್ದರೆ ಕಾರ್ಲ್ ಫಿಷರ್ ಪರೀಕ್ಷೆಯಲ್ಲಿ ದ್ರಾವಣದ ನೀರಿನ ಅಂಶ ನೋಡಿ. ದ್ರಾವಣ ಕಂದಾಗಿ ಮಂದವಾಗಿದ್ದರೆ ಆನೋಡ್ ದ್ರಾವಕವನ್ನೇ ತಿನ್ನುತ್ತಿದೆ. ಇದನ್ನು ತಪ್ಪಿಸಲೆಂದೇ ಆನೋಡ್‌ಗೆ ಹೈಡ್ರೋಜನ್ ಉಣಿಸುವ ಹರಿವಿನ ಸೆಲ್‌ಗಳು ಬಂದವು. 2023ರಲ್ಲಿ ಅಂಥ ಒಂದರಲ್ಲಿ ಶೇ. 61ರ ಫ್ಯಾರಡೆ ದಕ್ಷತೆ ವರದಿಯಾಯಿತು. ಆಮ್ಲಜನಕದ ಸೋರಿಕೆ ಬಗ್ಗೆ ಮಾತ್ರ ಗಾಬರಿ ಬೇಡ. ಗ್ಯಾಸ್‌ನಲ್ಲಿ ಶೇ. 1ಕ್ಕಿಂತ ಕಡಿಮೆ ಆಮ್ಲಜನಕ ಇದ್ದರೆ ದಕ್ಷತೆ ಏರುತ್ತದೆ ಅಂತ 2021ರಲ್ಲಿ ಗೊತ್ತಾಯಿತು. ವಿಚಿತ್ರ, ಆದರೆ ನಿಜ.

ಬಣ್ಣದ ಪರೀಕ್ಷೆಗೆ ಟೆಟ್ರಾಹೈಡ್ರೋಫ್ಯೂರಾನ್ ಅಡ್ಡಿ ಮಾಡುತ್ತದೆ. ಮಾದರಿಗೆ ಆಮ್ಲ ಸೇರಿಸಿ, ದ್ರಾವಕ ಹಾರಿಸಿ, ನೀರಿನಲ್ಲಿ ಕರಗಿಸಿ ಅಳೆಯಿರಿ. ಸ್ಟಾಂಡರ್ಡ್‌ಗಳನ್ನೂ ಅದೇ ದಾರಿಯಲ್ಲಿ ಕರೆತನ್ನಿ. ಆದರೆ ಉಪ್ಪು ಲಿಥಿಯಂ ಪರ್‌ಕ್ಲೋರೇಟ್ ಆಗಿದ್ದರೆ ಈ ಒಣಗಿಸುವ ಕೆಲಸಕ್ಕೆ ಕೈ ಹಾಕಬೇಡಿ. ದ್ರಾವಕದ ಜೊತೆ ಒಣಗಿದ ಪರ್‌ಕ್ಲೋರೇಟ್ ಸಿಡಿಯಬಹುದು. ಅದಕ್ಕೆ ನೀರು ಬೆರೆಸಿ ತೆಳು ಮಾಡಿಯೇ ಅಳೆಯಿರಿ. ಓಟ ಮುಗಿದ ಕ್ಯಾಥೋಡ್ ಮೇಲೆ ಜೀವಂತ ಲಿಥಿಯಂ ಉಳಿದಿರುತ್ತದೆ. ಅದನ್ನು ಸಿಂಕ್‌ಗೆ ಒಯ್ಯುವ ಮೊದಲು ಆರ್ಗಾನ್ ಕೆಳಗೆ ಎಥೆನಾಲ್‌ನಲ್ಲಿ ಗುಳ್ಳೆ ನಿಲ್ಲುವ ತನಕ ಇಡಿ.